ಸೀಸದ ಬಾಣಲೆಗೆ ಒಂದು ಹನಿ ನೀರು

ಧರ್ಮಪುರಿಯಿಂದ ಸೇಲಂ ಕಡೆಗೆ ಹೊರಟ ಲಾರಿಗಳು ನಲ್ಲಂಪಳ್ಳಿ ದಾಟಿದ ಮೇಲೆ ತೊಪ್ಪೂರು ಘಾಟಿ ಇಳಿಯುತ್ತವೆ. 44ನೇ ರಾಷ್ಟ್ರೀಯ ಹೆದ್ದಾರಿಯ ಈ ಭಾಗದಲ್ಲಿ ಟಯರ್ ಅಂಗಡಿಗೂ ಗುಜರಿಗೂ ಬರವಿಲ್ಲ. ಚಕ್ರ ಓಲಾಡದಿರಲೆಂದು ರಿಮ್ಮಿನ ಅಂಚಿಗೆ ಸಿಕ್ಕಿಸುವ ಬೆರಳಗಲದ ತುಂಡುಗಳು, ಹಳೆಯ ಕೇಬಲ್ಲಿನ ಮೇಲ್ಹೊದಿಕೆ, ಕಿತ್ತೆಸೆದ ಕೊಳವೆಯ ಚೂರು: ಸೀಸ ಸಿಗುವುದು ಇಂಥ ರಾಶಿಗಳಲ್ಲಿ. ಪಶ್ಚಿಮಕ್ಕೆ ತಿರುಗಿದರೆ ಕಾವೇರಿ. ಹೊಗೇನಕಲ್ಲಿನಲ್ಲಿ ಧುಮುಕಿದ ನೀರು ಮೆಟ್ಟೂರಿನಲ್ಲಿ 1934ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ಸ್ಟ್ಯಾನ್ಲಿ ಜಲಾಶಯವಾಗಿ ಹರಡಿಕೊಂಡಿದೆ. ತಮಿಳಿನ ಜೊತೆಗೆ ಕನ್ನಡ, ತೆಲುಗು ಮನೆಮಾತುಗಳೂ ಬೆರೆತಿರುವ ಸೀಮೆ ಇದು.

ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಬಲೆ, ಬಲೆ ಇದ್ದಲ್ಲಿ ಸೀಸ. ಬೀಸುಬಲೆ ನೀರಿಗೆ ಬಿದ್ದ ಕೂಡಲೆ ಮುಳುಗಬೇಕು. ಮೀನು ಜಾರಿಕೊಳ್ಳುವ ಮುಂಚೆ ಅದರ ಸುತ್ತಂಚು ತಳ ಮುಟ್ಟಬೇಕು. ಅದಕ್ಕಾಗಿ ಅಂಚಿನುದ್ದಕ್ಕೂ ಸೀಸದ ಗುಂಡುಗಳನ್ನು ಪೋಣಿಸುತ್ತಾರೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಅಷ್ಟೇ ಗಾತ್ರದ ಸೀಸ ಹನ್ನೊಂದು ಕಿಲೋಗೂ ಮಿಕ್ಕಿ ತೂಗುತ್ತದೆ. ಕರಗಿಸಲು ಕುಲುಮೆ ಬೇಡ, ತಿದಿ ಬೇಡ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಅಲ್ಯೂಮಿನಿಯಂಗೆ 660 ಬೇಕು, ಸೀಸಕ್ಕೆ 327.5 ಸಾಕು. ಮೂರು ಕಲ್ಲಿನ ಸೌದೆ ಒಲೆ, ಒಂದು ಕಬ್ಬಿಣದ ಬಾಣಲೆ, ಒಂದು ಸೌಟು, ಒಂದು ಅಚ್ಚು ಇದ್ದರೆ ಹಿತ್ತಲಲ್ಲೇ ಎರಕ ಹೊಯ್ಯಬಹುದು.

ಈ ಸುಲಭತನದಿಂದಾಗಿಯೇ ಸೀಸ ನಮ್ಮ ನಾಡಿನಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆ. ಧರ್ಮಪುರಿ, ಕೃಷ್ಣಗಿರಿ ಸೀಮೆಗೆ ಬಾರಾಮಹಲ್ ಎಂಬ ಹೆಸರಿದ್ದ ಕಾಲದಲ್ಲಿ ಹೈದರ್, ಟಿಪ್ಪು ಮತ್ತು ಇಂಗ್ಲಿಷರು ಈ ಸೀಮೆಗಾಗಿ ಕಾದಾಡಿದರು. 1792ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆ ಯುದ್ಧಗಳ ಕೋವಿಗಳಿಗೆ ತುಂಬುತ್ತಿದ್ದದ್ದು ಸೀಸದ ಗುಂಡು. ಕಂಪನಿ ಸಿಪಾಯಿಯ ಕೋವಿಗಾದರೆ ಒಂದು ಪೌಂಡು ಸೀಸದಲ್ಲಿ ಸುಮಾರು 14 ಗುಂಡು ಆಗುತ್ತಿದ್ದವು.

ಕರಗಿದ ಸೀಸ ಸುಡುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದ್ದು ಬೇರೆಯೇ ಇದೆ. ಬಾಣಲೆಯಲ್ಲಿರುವ ಸೀಸ ಕುದಿಯುವುದಿಲ್ಲ, ಉಕ್ಕುವುದಿಲ್ಲ. ಅದರ ಕುದಿಬಿಂದು 1749 ಡಿಗ್ರಿ. ಸೌದೆ ಒಲೆಯ ಮೇಲಿನ ಬಾಣಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಿದ್ದೂ ಸೀಸ ಒಮ್ಮೊಮ್ಮೆ ಬಾಣಲೆ ಬಿಟ್ಟು ಆಳೆತ್ತರಕ್ಕೆ ಚಿಮ್ಮಿ, ಎರಕ ಹೊಯ್ಯುತ್ತಿದ್ದವರ ಮುಖ, ಕಣ್ಣು, ಎದೆಯ ಮೇಲೆ ಬೀಳುತ್ತದೆ. ಹಾಗೆ ಚಿಮ್ಮಿಸುವುದು ನೀರು.

ಹನಿಯ ಲೆಕ್ಕ

ಒಂದು ಮಿಲಿಲೀಟರ್ ನೀರು 100 ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಕೇಳುತ್ತದೆ. ಅದೇ ಹಬೆ 400 ಡಿಗ್ರಿಗೆ ಕಾದರೆ 3 ಲೀಟರ್ ದಾಟುತ್ತದೆ. ಎರಕದ ಸೀಸದ ಕಾವು ಸಾಮಾನ್ಯವಾಗಿ ಇದೇ 400ರ ಆಸುಪಾಸು. ಹಣೆಯಿಂದ ತೊಟ್ಟಿಕ್ಕುವ ಬೆವರಿನ ಹನಿ ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಅದರಿಂದ ಹುಟ್ಟುವ ಹಬೆ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಹಬೆ ಮೇಲೆ ಹುಟ್ಟಿದರೆ ಗಾಳಿಗೆ ಸೇರಿ ಹೋಗುತ್ತದೆ. ಸೀಸದ ಅಡಿಯಲ್ಲಿ ಹುಟ್ಟಿದರೆ ಅದಕ್ಕೆ ಹೊರಬರುವ ದಾರಿ ಒಂದೇ: ಮೇಲಿರುವ ಸೀಸವನ್ನು ಎತ್ತಿ ಎಸೆಯುವುದು.

ಅಷ್ಟು ನೀರನ್ನು ಹಬೆ ಮಾಡುವ ಶಾಖ ಸಣ್ಣ ಬಾಣಲೆಯಲ್ಲಿ ಇರುತ್ತದೆಯೆ? ಒಂದು ಗ್ರಾಂ ತಣ್ಣೀರು ಪೂರ್ತಿ ಹಬೆಯಾಗಲು ಸುಮಾರು 2,570 ಜೂಲ್ ಶಾಖ ಬೇಕು. 400 ಡಿಗ್ರಿಯಲ್ಲಿರುವ ಸೀಸ ತಣಿದು ಹೆಪ್ಪುಗಟ್ಟುವ ಹೊತ್ತಿಗೆ ಪ್ರತಿ ಗ್ರಾಂ ಸುಮಾರು 34 ಜೂಲ್ ಬಿಟ್ಟುಕೊಡುತ್ತದೆ. ಅಂದರೆ ಒಂದು ಗ್ರಾಂ ನೀರಿಗೆ 75 ಗ್ರಾಂ ಸೀಸ ಸಾಕು. ಒಂದು ಕಿಲೋ ಸೀಸ ತನ್ನೊಳಗಿನ ಶಾಖದಿಂದಲೇ ಎರಡೂವರೆ ಚಮಚ ನೀರನ್ನು ಹಬೆ ಮಾಡಬಲ್ಲದು. ಅದು 400 ಡಿಗ್ರಿಗೆ ಕಾದರೆ ನಲವತ್ತು ಲೀಟರಿನಷ್ಟಾಗುತ್ತದೆ.

ಆದರೂ ಕರಗಿದ ಸೀಸದ ಮೇಲೆ ಹನಿ ಬಿದ್ದಾಗಲೆಲ್ಲ ಸ್ಫೋಟ ಆಗುವುದಿಲ್ಲ. ಇದೇ ಜನರನ್ನು ಮೋಸಗೊಳಿಸುವ ಸಂಗತಿ. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡಿ. ಹನಿ ಚುರ್ರೆಂದು ಆರುವ ಬದಲು ಮುತ್ತಾಗಿ ಉರುಳಾಡುತ್ತದೆ. ಹನಿಯ ತಳ ಕಾವಲಿಗೆ ತಾಗುವ ಮೊದಲೇ ಹಬೆಯಾಗಿ ತೆಳುವಾದ ಹಾಸು ಕಟ್ಟಿಕೊಳ್ಳುತ್ತದೆ, ಹನಿ ಅದರ ಮೇಲೆ ತೇಲುತ್ತದೆ. ಹಬೆಯಲ್ಲಿ ಶಾಖ ನಿಧಾನವಾಗಿ ಸಾಗುವುದರಿಂದ ಹನಿ ಬೇಗ ಆರುವುದಿಲ್ಲ. ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ; ಅವನ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಲೋಹದ ಕಾವು ಸುಮಾರು 200 ಡಿಗ್ರಿ ದಾಟಿದರೆ ಈ ಹಾಸು ನಿಲ್ಲುತ್ತದೆ. ಅಮೆರಿಕದ ಭೌತವಿಜ್ಞಾನಿ ಜರ್ಲ್ ವಾಕರ್ ತರಗತಿಯಲ್ಲಿ ಒದ್ದೆ ಬೆರಳನ್ನು ಕರಗಿದ ಸೀಸಕ್ಕೆ ಅದ್ದಿ ಥಟ್ಟನೆ ತೆಗೆದು ತೋರಿಸುತ್ತಿದ್ದದ್ದು ಇದೇ ಹಾಸನ್ನು ನಂಬಿ. ಯಾರೂ ಮಾಡಿ ನೋಡಬಾರದ ಪ್ರಯೋಗ ಅದು.

ಕರಗಿದ ಸೀಸದ ಮೇಲೆ ಬಿದ್ದ ಮಳೆಹನಿಯೂ ಹೀಗೇ ಕುಣಿದು ಆರಿಹೋಗಬಹುದು. ನೀರು ಸೀಸಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹಗುರ, ತಾನಾಗಿ ಮುಳುಗದು. ಅದನ್ನು ಕಂಡವರು ‘ಏನೂ ಆಗಲಿಲ್ಲವಲ್ಲ’ ಎಂದು ಧೈರ್ಯ ತಂದುಕೊಳ್ಳುತ್ತಾರೆ. ಆ ಧೈರ್ಯದಲ್ಲಿ ಒದ್ದೆ ಸೀಸದ ತುಂಡೊಂದನ್ನು ಬಾಣಲೆಗೆ ಹಾಕುತ್ತಾರೆ.

ಮುಳುಗಿದ ನೀರು

ಮಂಜುಗಡ್ಡೆ ನೀರಿನಲ್ಲಿ ತೇಲುವುದನ್ನು ನೋಡಿದ ನಮಗೆ ಗಟ್ಟಿ ವಸ್ತು ತನ್ನದೇ ದ್ರವದ ಮೇಲೆ ತೇಲುತ್ತದೆ ಎನಿಸುತ್ತದೆ. ಆ ವಿಷಯದಲ್ಲಿ ನೀರೇ ವಿಚಿತ್ರ. ಗಟ್ಟಿ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಕರಗಿದ ಸೀಸದ್ದು ಸುಮಾರು 10.66 ಗ್ರಾಂ. ಹಾಗಾಗಿ ಬಾಣಲೆಗೆ ಹಾಕಿದ ಸೀಸದ ತುಂಡು ನೇರ ತಳಕ್ಕೆ ಹೋಗುತ್ತದೆ. ಬಿರುಕಿನಲ್ಲಿ, ಮಡಿಕೆಯಲ್ಲಿ, ಅಂಟಿಕೊಂಡ ಮಣ್ಣಿನಲ್ಲಿ ಇದ್ದ ನೀರನ್ನೂ ಜೊತೆಗೆ ಒಯ್ಯುತ್ತದೆ. ರಿಮ್ಮಿನ ತುಂಡುಗಳ ಕಬ್ಬಿಣದ ಕೊಕ್ಕೆಗಳು ಮಾತ್ರ ಮೇಲೆ ತೇಲಿ ಬರುತ್ತವೆ. ಕಬ್ಬಿಣದ ಸಾಂದ್ರತೆ ಎಂಟಕ್ಕೂ ಕಡಿಮೆ.

ತಳದಲ್ಲಿ ಸಿಕ್ಕಿಬಿದ್ದ ನೀರಿನ ಸುತ್ತಲೂ ಮೊದಲು ಹಬೆಯ ಹಾಸು ಇರುತ್ತದೆ. ಒಂದು ಕದಲಿಕೆ, ಸೌಟಿನ ಒಂದು ತಾಗು ಸಾಕು, ಹಾಸು ಹರಿಯುತ್ತದೆ. ಆಗ ನೀರು ಬರಿ ಸೀಸಕ್ಕೆ ತಾಗುತ್ತದೆ. ಗುಳ್ಳೆ ಏಳಲು ಆಸರೆ ಸಿಗದಿದ್ದರೆ ನೀರು 100 ಡಿಗ್ರಿ ದಾಟಿಯೂ ದ್ರವವಾಗಿಯೇ ಕಾಯಬಲ್ಲದು. ಆದರೆ ಸಾಮಾನ್ಯ ಒತ್ತಡದಲ್ಲಿ ಅದರ ತಾಳಿಕೆಯ ಮಿತಿ ಸುಮಾರು 300 ಡಿಗ್ರಿ. ಅದನ್ನು ಮುಟ್ಟಿದ ಕ್ಷಣ ನೀರೆಲ್ಲ ಒಮ್ಮೆಲೇ ಹಬೆಯಾಗಿ ಸಿಡಿಯುತ್ತದೆ. ಕರಗಿದ ಸೀಸದ ಕನಿಷ್ಠ ಕಾವೇ ಆ ಮಿತಿಗಿಂತ ಮೇಲಿದೆ. ಮೊದಲ ಸಿಡಿತ ಸೀಸವನ್ನು ಹನಿಹನಿಯಾಗಿ ಒಡೆಯುತ್ತದೆ, ಒಡೆದ ಹನಿಗಳು ಉಳಿದ ನೀರಿಗೆ ಇನ್ನಷ್ಟು ಮೈಯೊಡ್ಡುತ್ತವೆ, ಸಿಡಿತ ಹಬ್ಬುತ್ತದೆ. ಎಂಜಿನಿಯರುಗಳು ಇದನ್ನು ಹಬೆಸ್ಫೋಟ ಎನ್ನುತ್ತಾರೆ. ಉಕ್ಕು, ಅಲ್ಯೂಮಿನಿಯಂ ಕಾರ್ಖಾನೆಗಳಲ್ಲಿ ಒದ್ದೆ ಗುಜರಿ ಕುಲುಮೆಗೆ ಹೋಗದಂತೆ ಕಾಯುವುದು ಇದೇ ಕಾರಣಕ್ಕೆ.

ಇದಕ್ಕೆ ತಿರುಗುಮುರುಗಾದ ದೃಶ್ಯವೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ವಿಲಿಯಂ ವಾಟ್ಸ್ 1782ರಲ್ಲಿ ಬಂದೂಕಿನ ಚರೆ ಮಾಡುವ ಹೊಸ ವಿಧಾನಕ್ಕೆ ಹಕ್ಕುಪತ್ರ ಪಡೆದ. ಎತ್ತರದಿಂದ ಜರಡಿಯ ಮೂಲಕ ಸೀಸ ಸುರಿದರೆ ಹನಿಗಳು ಬೀಳುತ್ತಲೇ ದುಂಡಗಾಗಿ ಗಟ್ಟಿಯಾಗುತ್ತವೆ. ಕೆಳಗಿನ ನೀರಿನ ತೊಟ್ಟಿ ಅವನ್ನು ತಣಿಸುತ್ತದೆ. ಕಾದ ಸೀಸ ನೀರಿಗೆ ಬಿದ್ದರೂ ಅಲ್ಲಿ ಅನಾಹುತವಿಲ್ಲ. ಹನಿ ಚಿಕ್ಕದು, ನೀರು ಬೇಕಾದಷ್ಟು, ಹುಟ್ಟಿದ ಅಷ್ಟಿಷ್ಟು ಹಬೆಗೆ ಮೇಲೆ ಬಾಗಿಲು ತೆರೆದೇ ಇರುತ್ತದೆ. ಆ ಬಾಗಿಲು ಮುಚ್ಚಿದಾಗ, ಅಂದರೆ ನೀರು ಲೋಹದ ಅಡಿಯಲ್ಲಿ ಸೆರೆಯಾದಾಗ, ಅಪಾಯ. ಬಕೆಟ್ಟಿನ ತಳದ ಒಂದಿಷ್ಟು ನೀರಿನ ಮೇಲೆ ಸೌಟುಗಟ್ಟಲೆ ಸೀಸ ಸುರಿದರೆ ಅಲ್ಲಿಯೂ ಅದೇ ಗತಿ.

ಒಣಗಿದಂತೆ ಕಾಣುವವು

ಒದ್ದೆ ಎಂದು ಕಣ್ಣಿಗೆ ಕಾಣುವ ವಸ್ತುವನ್ನು ಯಾರೂ ಬೇಕೆಂದು ಬಾಣಲೆಗೆ ಹಾಕುವುದಿಲ್ಲ. ಕೆಡಿಸುವುದು ಒಣಗಿದಂತೆ ಕಾಣುವವು. ತುದಿ ಜಜ್ಜಿಹೋದ ಸೀಸದ ಕೊಳವೆಯೊಳಗೆ ವರ್ಷಗಳ ಹಿಂದಿನ ನೀರು ನಿಂತಿರಬಹುದು. ತಣ್ಣಗಿರುವ ಸೌಟನ್ನು ಒಲೆಯ ಮೇಲೆ ಹಿಡಿದಾಗ ಸೌದೆಯ ಹೊಗೆಯಲ್ಲಿರುವ ನೀರಾವಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಬ್ಬನಿಗಟ್ಟುತ್ತದೆ. ಕಬ್ಬಿಣದ ತುಕ್ಕು ರಂಧ್ರಗಳ ಗೂಡು. ನೀರು ಅದರ ರಚನೆಯಲ್ಲೇ ಸೇರಿಕೊಂಡಿರುತ್ತದೆ. ಹೊಳೆಯ ಮರಳು ಮೇಲೆ ಬಿಸಿಲಿಗೆ ಬೆಳ್ಳಗೆ ಒಣಗಿದರೂ ನಾಲ್ಕು ಬೆರಳು ಕೆಳಗೆ ತೇವ ಇಟ್ಟುಕೊಂಡಿರುತ್ತದೆ. ಬಿಸಿಲಲ್ಲಿ ಒಣಗಿಸಿದ ಜೇಡಿಮಣ್ಣಿನ ಅಚ್ಚಿನಲ್ಲೂ ತೇವ ಉಳಿಯುತ್ತದೆ. ಸುಟ್ಟ ಮಣ್ಣಿನ ಅಚ್ಚಾದರೂ ಮಳೆಗಾಲದ ಗಾಳಿಯಿಂದ ಪಸೆ ಹೀರುತ್ತದೆ.

ಎಲ್ಲಕ್ಕಿಂತ ಮೋಸಗಾರ ಪ್ಲಾಸ್ಟರ್ ಆಫ್ ಪ್ಯಾರಿಸ್. ಗಣಪತಿ ವಿಗ್ರಹ, ಮನೆಯ ಒಳಛಾವಣಿಯ ಅಲಂಕಾರ ಎಂದು ಎಲ್ಲೆಲ್ಲೂ ಸಿಗುವ ಈ ಪುಡಿಯನ್ನು ನೀರಲ್ಲಿ ಕಲಸಿದರೆ ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ. ನಯವಾದ ಅಚ್ಚು ಮಾಡುವುದೂ ಸುಲಭ. ಆದರೆ ಗಟ್ಟಿಯಾಗುವುದೆಂದರೆ ಆರುವುದಲ್ಲ. ಪುಡಿ ನೀರನ್ನು ತನ್ನ ಹರಳಿನೊಳಗೆ ಸೇರಿಸಿಕೊಂಡು ಮತ್ತೆ ಜಿಪ್ಸಂ ಆಗುತ್ತದೆ. ಮುಟ್ಟಿದರೆ ಖಡಕ್ಕಾಗಿರುವ ಜಿಪ್ಸಂನ ತೂಕದಲ್ಲಿ ನೂರಕ್ಕೆ 21 ಭಾಗ ನೀರು. ತಿಂಗಳುಗಟ್ಟಲೆ ಬಿಸಿಲಿಗಿಟ್ಟರೂ ಅದು ಹೋಗುವುದಿಲ್ಲ. 400 ಡಿಗ್ರಿಯ ಸೀಸ ತಾಗಿದರೆ ಹೊರಬರುತ್ತದೆ. ಅಚ್ಚಿನ ಬಾಯಿಂದ ಸೀಸ ವಾಪಸು ಮುಖಕ್ಕೆ ಉಗುಳಿದಂತಾಗುವುದು ಹೀಗೆ. ಸಿಮೆಂಟಿನದೂ ಇದೇ ಕತೆ. ಕಾಂಕ್ರೀಟು ನೆಲಕ್ಕೆ ಚೆಲ್ಲಿದ ಸೀಸ ಒಳಗಿನ ನೀರನ್ನು ಹಬೆ ಮಾಡಿ ಚಕ್ಕೆಗಳನ್ನು ಸಿಡಿಸುತ್ತದೆ.

ಬೀಡುಕಬ್ಬಿಣದ ನೀರಿನ ಕೊಳವೆಗಳಿಗೆ ಸಣಬು ತುರುಕಿ ಸೀಸ ಹೊಯ್ದು ಬೆಸೆಯುತ್ತಿದ್ದ ಹಳೆಯ ಕಾಲದ ಕೊಳಾಯಿ ಕೆಲಸಗಾರರಿಗೆ ಇದು ದಿನನಿತ್ಯದ ಪಾಠವಾಗಿತ್ತು. ಸಂದಿನಲ್ಲಿ ನೀರಿನ ಪಸೆ ಉಳಿದಿದ್ದರೆ ಸೀಸ ಚಿಮ್ಮುತ್ತಿತ್ತು. ಹೊಯ್ಯುವ ಮೊದಲು ಸಂದನ್ನು ಒರೆಸಿ ಒಣಗಿಸುವುದೇ ಅವರ ಕೆಲಸದ ಅರ್ಧ.

ಮೊದಲು ಕಾಯಿಸು, ಆಮೇಲೆ ಮುಟ್ಟಿಸು

ಇಷ್ಟೆಲ್ಲದರಿಂದ ಹೊರಡುವ ನಿಯಮ ಒಂದೇ: ಕರಗಿದ ಸೀಸಕ್ಕೆ ತಾಗುವ ಪ್ರತಿಯೊಂದು ವಸ್ತುವೂ ಅದಕ್ಕೆ ಮೊದಲೇ 100 ಡಿಗ್ರಿ ದಾಟಿ ಕಾದಿರಬೇಕು. ಉಳಿದ ಎಚ್ಚರಗಳೆಲ್ಲ ಇದರ ಮಕ್ಕಳು.

ಗುಜರಿ ಸೀಸವನ್ನು ಆರಿದ ಬಾಣಲೆಯಲ್ಲಿಟ್ಟು ಆಮೇಲೆ ಒಲೆ ಹಚ್ಚಿ. ಸೀಸ ಕರಗುವುದು 327ರಲ್ಲಿ, ನೀರು ಹೋಗುವುದು 100ರಲ್ಲಿ. ನಿಧಾನವಾಗಿ ಕಾದರೆ ನೀರು ಮೊದಲೇ ಹೊರಟುಹೋಗುತ್ತದೆ. ಎರಡು ಕಡೆ ಮುಚ್ಚಿದ ಕೊಳವೆಯನ್ನು ಸೀಳಿ ಬಿಚ್ಚದೆ ಹಾಕಬೇಡಿ. ಕರಗಿದ ಸೀಸಕ್ಕೆ ಹೊಸ ತುಂಡು ಸೇರಿಸುವ ರೂಢಿಯೇ ಬೇಡ. ಆ ಎರಕ ಮುಗಿಸಿ, ಬಾಣಲೆ ತಣಿಸಿ, ಮತ್ತೆ ತುಂಬಿಸಿ. ಸೌಟನ್ನೂ ಕಿಟ್ಟ ತೆಗೆಯುವ ಚಮಚವನ್ನೂ ಬಾಣಲೆಯ ಅಂಚಿನಲ್ಲಿ ಮೊದಲಿನಿಂದಲೇ ಇಟ್ಟು ಕಾಯಿಸಿ. ಹಸಿ ಕಡ್ಡಿಯಿಂದ ಕಲಕುವುದು ಬೇಡವೇ ಬೇಡ.

ಅಚ್ಚು ಕಬ್ಬಿಣದ್ದೋ ಬಳಪದ ಕಲ್ಲಿನದೋ ಆಗಿರಲಿ. ಬಳಪದ ಕಲ್ಲು ನೀರು ಕುಡಿಯುವುದು ಬಹಳ ಕಡಿಮೆ, ಕೊರೆಯಲೂ ಸುಲಭ, ಕಾವಿಗೂ ತಾಳುತ್ತದೆ. ಅದನ್ನೂ ಒಲೆಯ ಪಕ್ಕದಲ್ಲಿಟ್ಟು ಒಳಗಿನವರೆಗೆ ಕಾಯಿಸಬೇಕು. ಎಣ್ಣೆದೀಪದ ಜ್ವಾಲೆಯ ಮೇಲೆ ಅಚ್ಚಿನ ಒಳಮೈ ಹಿಡಿದು ಮಸಿ ಕಟ್ಟಿಸಿದರೆ ಎರಡು ಲಾಭ: ಮೇಲ್ಮೈಯ ಪಸೆ ಹೋಗುತ್ತದೆ, ಗುಂಡು ಅಂಟದೆ ಬಿಡುತ್ತದೆ.

ಬಾಣಲೆ ಬೀಡಿನದೋ ದಪ್ಪ ಉಕ್ಕಿನದೋ ಇರಲಿ. ಅಲ್ಯೂಮಿನಿಯಂ ಪಾತ್ರೆ ಕಾವಿಗೆ ಮೆತ್ತಗಾಗಿ ಭಾರಕ್ಕೆ ಬಾಗುತ್ತದೆ. ಬೆಸುಗೆ ಹಾಕಿದ ಡಬ್ಬಿಯ ಬೆಸುಗೆಯೇ ಮೊದಲು ಕರಗುತ್ತದೆ. ಅಡುಗೆಯ ಪಾತ್ರೆ ಒಮ್ಮೆ ಸೀಸ ಕಂಡರೆ ಮತ್ತೆ ಅಡುಗೆಮನೆಗೆ ಬರಕೂಡದು. ಒಲೆಯ ಕೆಳಗೆ ಒಣ ಮರಳು ಹಾಸಿ. ಒಣ ಎಂದರೆ ಬಾಣಲೆಯಲ್ಲಿ ಹುರಿದ ಮರಳು. ಅದರದೇ ಒಂದು ಬಕೆಟ್ ಪಕ್ಕದಲ್ಲಿರಲಿ. ಬೆಂಕಿ ಕೈಮೀರಿದರೆ ಎರಚಬೇಕಾದ್ದು ಮರಳು, ನೀರಲ್ಲ. ನೀರಿನ ಚೊಂಬು, ಕಾಫಿ ಲೋಟ, ಒದ್ದೆ ಟವೆಲು ಹತ್ತು ಹೆಜ್ಜೆ ದೂರವಿರಲಿ. ಹಣೆಗೆ ಬಟ್ಟೆ ಕಟ್ಟಿಕೊಳ್ಳಿ, ಬಾಣಲೆಯ ಮೇಲೆ ಬಗ್ಗಬೇಡಿ. ಮುಖಕ್ಕೆ ಪೂರ್ತಿ ಮುಚ್ಚುವ ಗುರಾಣಿ, ಮೈಗೆ ದಪ್ಪ ಹತ್ತಿಯ ಉದ್ದ ತೋಳಿನ ಅಂಗಿ, ಕೈಗೆ ತೊಗಲಿನ ಕೈಗವಸು, ಕಾಲಿಗೆ ಪ್ಯಾಂಟು ಮೇಲೆ ಇಳಿಬಿದ್ದ ತೊಗಲಿನ ಬೂಟು ಬೇಕು. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚಪ್ಪಲಿಯಲ್ಲಿ ಸೀಸ ಹೊಯ್ಯುವುದು ಹುಚ್ಚು ಸಾಹಸ.

ಧರ್ಮಪುರಿ ಸೀಮೆಗೆ ಮುಂಗಾರೂ ಹಿಂಗಾರೂ ಮಳೆ ತರುತ್ತವೆ. ಆಕಾಶದಲ್ಲಿ ಮೋಡವಿದ್ದರೆ ಆವತ್ತು ಎರಕ ಬೇಡ. ಗಾಳಿಯಾಡಲೆಂದು ಒಲೆಯನ್ನು ಹೊರಗಿಡಬೇಕಾದ ಕೆಲಸ ಇದು. ಮಳೆ ಬಂತೆಂದು ಅವಸರದಲ್ಲಿ ಕಾದ ಬಾಣಲೆ ಎತ್ತಿಕೊಂಡು ಒಳಗೆ ಓಡುವುದು ಮಳೆಗಿಂತ ದೊಡ್ಡ ಅಪಾಯ.

ಇಷ್ಟಾದರೂ ಸಿಡಿದರೆ? ಗಾಯಾಳುವನ್ನು ಮೊದಲು ಬಾಣಲೆಯಿಂದ ದೂರ ಕರೆದೊಯ್ಯಿರಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಚರ್ಮಕ್ಕೆ ಅಂಟಿ ಗಟ್ಟಿಯಾದ ಸೀಸವನ್ನು ಕೀಳಬೇಡಿ, ಅದು ವೈದ್ಯರ ಕೆಲಸ. ಪೇಸ್ಟು, ಶಾಯಿ, ಬೆಣ್ಣೆ ಯಾವುದೂ ಬೇಡ. ಕಣ್ಣಿಗೆ ಬಿದ್ದಿದ್ದರೆ ಕ್ಷಣ ತಡಮಾಡದೆ 108ಕ್ಕೆ ಕರೆ ಮಾಡಿ.

ತಣಿದ ಮೇಲೆ

ಸೀಸದ ಇನ್ನೊಂದು ಅಪಾಯ ಶಬ್ದ ಮಾಡುವುದಿಲ್ಲ. ಕರಗಿದ ಸೀಸದ ಮೇಲೆ ಬೂದು ಕೆನೆ ಕಟ್ಟುತ್ತದೆಯಲ್ಲ, ಆ ಕಿಟ್ಟದಲ್ಲಿ ಬಹುಪಾಲು ಸೀಸದ ಆಕ್ಸೈಡು. ತೆಗೆದು ಪಕ್ಕಕ್ಕೆ ಹಾಕಿದರೆ ನುಣ್ಣನೆ ಪುಡಿಯಾಗಿ ಗಾಳಿಗೆ ಹಾರುತ್ತದೆ, ಅಂಗಳದ ಮಣ್ಣಿಗೆ ಸೇರುತ್ತದೆ, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಗುವಿನ ಕರುಳು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಇಷ್ಟು ಸೀಸವಾದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾವು 500 ಡಿಗ್ರಿ ಮೀರಿದಂತೆ ಸೀಸದ ಹೊಗೆಯೂ ಹೆಚ್ಚುತ್ತದೆ. ಸೀಸದ ಮೇಲ್ಮೈ ಕಿಟ್ಟ ತೆಗೆದ ಕೂಡಲೆ ನೀಲಿ, ನೇರಳೆ, ಹೊಂಬಣ್ಣಕ್ಕೆ ತಿರುಗಿದರೆ ಬೆಂಕಿ ಅತಿಯಾಯಿತೆಂದೇ ಅರ್ಥ.

ಈ ವಿಷದ ವಿರುದ್ಧ ದೇಶವನ್ನು ಎಚ್ಚರಿಸಿದ ಕೆಲಸದಲ್ಲಿ ಈ ಸೀಮೆಗೂ ಪಾಲಿದೆ. ಹೊಸೂರಿನ ಬಳಿಯ ಬಳಿಗಾನಪಳ್ಳಿ ಇಂದು ಕೃಷ್ಣಗಿರಿ ಜಿಲ್ಲೆಯಲ್ಲಿದೆ; 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಅಲ್ಲಿ ಶಾಂತಿಭವನ ಶಾಲೆ ತೆರೆದ ಜಾರ್ಜ್ ಫೌಂಡೇಶನ್ 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿತು. ಮರುವರ್ಷವೇ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ರಕ್ತದಲ್ಲಿನ ಸೀಸ ಅಳೆಯುವ, ಜನರಿಗೆ ತಿಳಿಹೇಳುವ ಕೆಲಸಕ್ಕೆ ಹೆಸರಾದವರು. ಮನೆಯಲ್ಲೇ ವಾಹನದ ಬ್ಯಾಟರಿ ಒಡೆದು ಸೀಸ ತೆಗೆಯುವ ಕೆಲಸ ಇವರೆಲ್ಲರ ಎಚ್ಚರಿಕೆಯ ಪಟ್ಟಿಯಲ್ಲಿ ಮೇಲಿರುವಂಥದ್ದು. ಗಂಧಕಾಮ್ಲ, ಸೀಸದ ಪುಡಿ, ಕಾಯಿಸಿದಾಗ ಏಳುವ ವಿಷದ ಹೊಗೆ ಮೂರೂ ಅದರಲ್ಲಿ ಸೇರಿವೆ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಇಷ್ಟು ಹೊತ್ತು ದೂರ ಇಟ್ಟ ನೀರನ್ನು ಈಗ ಹತ್ತಿರ ಕರೆಯಬೇಕು. ಸೀಸ ಪೂರ್ತಿ ಗಟ್ಟಿಯಾಗಿ, ಬಾಣಲೆ ಕೈಗೆ ತಣ್ಣಗಾದ ಮೇಲೆ ಕಸಪೊರಕೆ ಹಿಡಿಯಬೇಡಿ, ಧೂಳೇಳುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಅಧಿಕೃತ ಮರುಬಳಕೆದಾರರಿಗೆ ಕೊಡಿ, ಹೊಲಕ್ಕೋ ಹೊಳೆಗೋ ಎಸೆಯಬೇಡಿ. ಸೋಪು ಹಾಕಿ ಕೈ ಮುಖ ತೊಳೆಯದೆ ತಿಂಡಿ, ಬೀಡಿ, ಎಲೆಅಡಿಕೆ ಮುಟ್ಟಬೇಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ.

ಬಲೆಗೆ ಗುಂಡು ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಅಂಗಡಿಯಲ್ಲಿ ಸಿದ್ಧ ಗುಂಡು ಸಿಗುತ್ತದೆ. ಸೀಸದ ಪಟ್ಟಿ ತಂದರೆ ಕತ್ತರಿಸಿ, ಹಗ್ಗಕ್ಕೆ ಸುತ್ತಿ, ಸುತ್ತಿಗೆಯಲ್ಲಿ ಬಡಿದರೆ ಬೆಂಕಿಯಿಲ್ಲದೆ ಕೆಲಸ ಮುಗಿಯುತ್ತದೆ. ಸೀಸ ಅಷ್ಟು ಮೆತು. ಹಂಸಗಳು ಸೀಸ ನುಂಗಿ ಸಾಯುವುದನ್ನು ಕಂಡ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸದ ತೂಕಗಳನ್ನೇ ನಿಷೇಧಿಸಿತು. ಒಳನಾಡಿನ ಬಲೆಗಳಿಗೆ ಸುಟ್ಟ ಮಣ್ಣಿನ ಗುಂಡು ಪೋಣಿಸುವ ಪದ್ಧತಿ ನಮ್ಮಲ್ಲೂ ಹಳತು, ಅದಕ್ಕೆ ವಿಷವಿಲ್ಲ. ಇವು ಯಾವುವೂ ಒಗ್ಗದೆ ಕರಗಿಸಲೇಬೇಕೆಂದರೆ ಮಕ್ಕಳನ್ನೂ ಬಸುರಿಯರನ್ನೂ ದೂರ ಕಳಿಸಿ, ಮಳೆಯಿಲ್ಲದ ದಿನ ಆರಿಸಿ, ಅಚ್ಚಿನಿಂದ ಸೌಟಿನವರೆಗೆ ಪ್ರತಿಯೊಂದನ್ನೂ ಕಾಯಿಸಿ. ಯಾವುದಾದರೂ ಒಂದು ಒಣಗಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ, ಒಣಗಿಲ್ಲ ಎಂದೇ ತಿಳಿದು ಮತ್ತೆ ಒಲೆಯ ಪಕ್ಕಕ್ಕಿಡಿ.